ಮೊಸಳೆ ಮೈನ್‌ಗೆ ಇಳಿಯಲ್ಲ

...ಅಥವಾ ಆ ಗೆರೆಯನ್ನು ನಾನು ಕರಿಹಲಗೆಯ ಮೇಲೇ ಎಳೆದಿದ್ದೆನೇನೋ. ಗೋಡೆಯ ಮೇಲೆ ಎಂದು ಮನೆಯಲ್ಲಿ ಒಂದೆರಡು ಸಲ ಹೇಳಿಬಿಟ್ಟಿದ್ದೇನೆ. ಬಿಳಿ ಗೋಡೆಯ ಮೇಲೆ ಸೀಮೆಸುಣ್ಣ ಕಾಣುವುದಿಲ್ಲ, ಆದ್ದರಿಂದ ಅದು ಸುಳ್ಳೇ ಇರಬೇಕು. ಆದರೆ ನೆನಪಿನಲ್ಲಿ ನಾನು ಸೆರಗು ಸಿಕ್ಕಿಸಿಕೊಂಡು, ಬಹುತೇಕ ನೆಲದ ಮೇಲೆ ಕೂತು, ಗೆರೆಯನ್ನು ಇನ್ನೂ ಕೆಳಗೆ, ಇನ್ನೂ ಕೆಳಗೆ ಎಳೆಯುತ್ತಿದ್ದೇನೆ. ನಮ್ಮ ಹಲಗೆ ಅಷ್ಟು ಕೆಳಗಿನತನಕ ಇಲ್ಲ. ಕೂತದ್ದು ನಿಜವಾದರೆ ಹಲಗೆ ಸುಳ್ಳು, ಹಲಗೆ ನಿಜವಾದರೆ ಕೂತದ್ದು ಸುಳ್ಳು. ಯಾವುದನ್ನು ಬಿಡಲಿ?

ಆ ವಾರ ಚೆನ್ನಾಗಿ ಮುಗಿಯಿತು. ನನ್ನ ಅನುಮಾನಕ್ಕೆ ಅದೇ ಕಾರಣ. ಕೆಟ್ಟದಾಗಿ ಮುಗಿದ ವಾರವನ್ನು ಮನಸ್ಸು ಮುಟ್ಟಲು ಹೋಗುವುದಿಲ್ಲ. ಚೆನ್ನಾಗಿ ಮುಗಿದದ್ದನ್ನು ಮಾತ್ರ ಮತ್ತೆ ಮತ್ತೆ ತೆಗೆದು, ಒರೆಸಿ, ಅಲ್ಲಿ ಇಲ್ಲಿ ಸರಿಮಾಡಿ ಇಡುತ್ತದೆ. ಹಾಗಾಗಿ ಇಲ್ಲಿ ಏನಾದರೂ ತೀರಾ ಅಚ್ಚುಕಟ್ಟಾಗಿ ಕಂಡರೆ ಅದು ನನ್ನ ಕೈಚಳಕವಿರಬಹುದು.

ನಾನು ಅತಿಥಿ ಶಿಕ್ಷಕಿ. ಕೆಜಿಎಫ್‌ನ ಹಳೆಯ ಗಣಿ ಲೈನುಗಳ, ಅಂದರೆ ಕಾರ್ಮಿಕರ ಮನೆಸಾಲುಗಳ, ಪಕ್ಕದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು ಮತ್ತು ಏಳನೆಯ ತರಗತಿಗೆ ಗಣಿತ ಹೇಳುತ್ತೇನೆ. ನನ್ನ ಊರು ಬೂದಿಕೋಟೆಯ ಹತ್ತಿರ. ಬೆಳಗ್ಗೆ ಡೈರಿಗೆ ಹಾಲು ಹಾಕಿ, ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಮಾರಿಕುಪ್ಪಂ ರೈಲು ಹಿಡಿಯುತ್ತೇನೆ. ಗಣಿಯ ಬಗ್ಗೆ ನನಗೆ ತಿಳಿದಿರುವುದೆಲ್ಲ ರೈಲಿನ ಕಿಟಕಿಯಿಂದ ಕಾಣುವಷ್ಟೇ. ಅಷ್ಟು ಸಾಕು ಎಂದುಕೊಂಡದ್ದರಿಂದಲೇ ಮುಂದಿನದೆಲ್ಲ ಆಯಿತು.

ಈ ವರ್ಷ ಶಾಲೆ ಶುರುವಾದ ಹೊಸದರಲ್ಲಿ, ಒಂದು ಸೋಮವಾರ, ಮುಖ್ಯ ಶಿಕ್ಷಕರ ಕೋಣೆಯಲ್ಲಿ ಒಬ್ಬ ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಆಚೆ ಈಚೆ ಇಟ್ಟುಕೊಂಡು ನಿಂತಿದ್ದರು. ಚಿಕ್ಕವಳನ್ನು ನಾನು ಬಲ್ಲೆ. ಒಂದನೆಯ ತರಗತಿಯಿಂದ ನಮ್ಮಲ್ಲೇ ಓದಿದವಳು, ಈಗ ಆರನೆಯದು, ಬಾಯಿ ಮುಚ್ಚಿ ಕೂತದ್ದನ್ನು ಯಾರೂ ಕಂಡಿಲ್ಲ. ದೊಡ್ಡವಳು ಹೊಸಬಳು. ಕೃಷ್ಣಗಿರಿ ಕಡೆ ಅಜ್ಜಿಯ ಮನೆಯಲ್ಲಿ ಬೆಳೆದು, ಅಲ್ಲಿನ ತಮಿಳು ಶಾಲೆಯಲ್ಲಿ ಆರನೆಯದು ಮುಗಿಸಿದ್ದಳು. ಅಜ್ಜಿಗೆ ಮೊಣಕಾಲು ಹಿಡಿದುಕೊಂಡದ್ದರಿಂದ ಅಜ್ಜಿ, ಮೊಮ್ಮಗಳು ಇಬ್ಬರೂ ಈಗ ಇಲ್ಲಿಗೆ ಬಂದಿದ್ದರು.

ತಾಯಿಗೆ ಬೆಂಗಳೂರಿನಲ್ಲಿ ಕೆಲಸ, ದಿನಾ ರೈಲು. ಅವತ್ತು ಅರ್ಧ ದಿನ ರಜೆ ಹಾಕಿ ಬಂದಿದ್ದರು, ಅವಸರದಲ್ಲಿದ್ದರು.

"ಆರಿಗೇ ಆಕ್ಬಿಡಿ ಸಾರ್. ಕನ್ನಡ ಒಂದಕ್ಷರ ಬರಲ್ಲ ಇವಳಿಗೆ. ತಂಗಿ ಜತೇಲಿ ಒಂದ್ ವರ್ಸ ಕೂತ್ರೆ ಕಲ್ತ್ಕೋತಾಳೆ."

ದೊಡ್ಡವಳು ತಲೆ ಎತ್ತದೆ, ತಾಯಿಗೆ ಮಾತ್ರ ಕೇಳುವಂತೆ, ಆದರೆ ನಮಗೆಲ್ಲ ಕೇಳಿಸುವಂತೆ ಹೇಳಿದಳು: "ಅವ ಕೂಡ ಉಕ್ಕಾರ ಮಾಟ್ಟೇನ್." ಅವಳ ಜೊತೆ ನಾನು ಕೂರುವುದಿಲ್ಲ. ಅಷ್ಟು ತಮಿಳು ಇಲ್ಲಿ ಎಲ್ಲರಿಗೂ ಬರುತ್ತದೆ.

ಮುಖ್ಯ ಶಿಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಮನೆಮಾತು ತೆಲುಗು, ಹೆಂಡತಿಯ ಕಡೆಯವರದು ತಮಿಳು, ಶಾಲೆಯದು ಕನ್ನಡ. ಭಾಷೆ ಬರದ ಮಕ್ಕಳನ್ನು ಕಂಡು ಅವರು ಹೆದರಿದ್ದನ್ನು ನಾನು ನೋಡಿಲ್ಲ.

"ನೋಡಮ್ಮಾ, ಕನ್ನಡ ಮಾತಾಡ್ತಾ ಬತ್ತದೆ. ಲೆಕ್ಕ ಹೆಂಗೈತೆ ಅದನ್ನ ನೋಡೋಣ. ಈ ವಾರ ಏಳರಲ್ಲೇ ಕೂರ್ಲಿ. ಶನಿವಾರ ನಾನೇ ಬಂದು ಕೇಳ್ತೀನಿ. ಹೇಳಿದ್ರೆ ಏಳು, ಇಲ್ಲಾಂದ್ರೆ ತಂಗಿ ಜತೆ ಆರು. ಏನ್ ಮೇಡಂ?"

ನಾನು ತಲೆಯಾಡಿಸಿದೆ. ಯಾವ ಲೆಕ್ಕ ಎಂದು ಅವರು ಹೇಳಲಿಲ್ಲ. ನಾನು ಆ ವಾರ ಏನು ಹೇಳಿಕೊಡುತ್ತೇನೋ ಅದು ಎಂದಾಯಿತು.

ಮಧ್ಯಾಹ್ನ ಜಗುಲಿಯಲ್ಲಿ ಬಿಸಿಯೂಟಕ್ಕೆ ಕೂತಾಗ ಚಿಕ್ಕವಳು ತಟ್ಟೆಯೊಂದಿಗೆ ಅಕ್ಕನ ಎದುರಿಗೇ ಬಂದು ಕೂತಳು.

"ಅಕ್ಕಾ, ನಮ್ ಬೆಂಚಲ್ಲಿ ಗೋಡೆ ಕಡೆ ನಿಂಗೆ ಜಾಗ ಇಟ್ಟಿದೀನಿ. ಫ್ಯಾನ್ ಗಾಳಿ ಬರಲ್ಲ, ಪರವಾಗಿಲ್ವಾ?"

"ಪೋಡೀ," ಎಂದಳು ದೊಡ್ಡವಳು, ಹೋಗೇ ಎಂದು.

"ಇನ್ನೊಂದ್ಸಲ ಅನ್ನು. ಆರ್ನೇ ಕ್ಲಾಸಲ್ಲಿ ಲೀಡ್ರು ನಾನೇ. ಮಾತಾಡಿದೋರ ಎಸ್ರು ಬೋರ್ಡ್ ಮೇಲ್ ಬರ್ದ್‌ಬಿಡ್ತೀನಿ."

ಸುತ್ತಲಿದ್ದವರು ನಕ್ಕರು. ಅಕ್ಕ ಸಾರಿನಲ್ಲಿದ್ದ ತರಕಾರಿಯನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸುತ್ತ ಕೂತಿದ್ದಳು. ತಂಗಿಗೆ ಜಡೆ ಹಾಕಿ ಶಾಲೆಗೆ ಕಳಿಸಬೇಕಾದವಳು ಅವಳ ಪಕ್ಕದಲ್ಲೇ ಕೂತು, ಅವಳದೇ ಪುಸ್ತಕ ಓದಿ, ಅವಳಿಂದಲೇ ಹೇಳಿಸಿಕೊಳ್ಳುವುದು ಹೇಗಿರುತ್ತದೆ ಎಂಬುದು ತಂಗಿಯಂದಿರು ಇದ್ದವರಿಗೆ ಗೊತ್ತು. ನನಗೆ ಇಬ್ಬರಿದ್ದಾರೆ.

ಕೈ ತೊಳೆಯುವಾಗ ಚಿಕ್ಕವಳು ನಲ್ಲಿಯ ಹತ್ತಿರ ನನ್ನನ್ನು ಹಿಡಿದಳು. ಈಗ ದನಿ ಬೇರೆ.

"ಮಿಸ್, ಅಕ್ಕನ್ನ ನಮ್ ಕ್ಲಾಸಿಗೆ ಆಕ್ಬೇಡಿ ಮಿಸ್. ನಾನ್ ಇಲ್ಲಿ ಏನೇನ್ ಮಾಡ್ತೀನಿ ಎಲ್ಲಾ ಅಮ್ಮಂಗೆ ಏಳ್ಬಿಡ್ತಾಳೆ."

ವರ್ಷದ ಮೊದಲ ವಾರಗಳಲ್ಲಿ ಹಿಂದಿನ ತರಗತಿಯ ಪಾಠವನ್ನೇ ಮತ್ತೊಮ್ಮೆ ಹಿಡಿಯುವುದು ನಮ್ಮ ರೂಢಿ. ಆ ಮಧ್ಯಾಹ್ನ ಏಳನೆಯವರಿಗೆ ನಾನು ಪೂರ್ಣಾಂಕಗಳನ್ನು ತೆಗೆದುಕೊಂಡೆ. ಸೊನ್ನೆ, ಸೊನ್ನೆಯ ಆಚೆ ಧನ ಸಂಖ್ಯೆ, ಈಚೆ ಋಣ ಸಂಖ್ಯೆ. ಮಕ್ಕಳ ಬಾಯಲ್ಲಿ ಪ್ಲಸ್ಸು, ಮೈನಸ್ಸು. ಪುಸ್ತಕದಲ್ಲಿ ಸಂಖ್ಯಾರೇಖೆ ಎಡದಿಂದ ಬಲಕ್ಕೆ ಮಲಗಿರುತ್ತದೆ. ಮಲಗಿದ್ದನ್ನು ಎಬ್ಬಿಸಿ ನಿಲ್ಲಿಸಿದರೆ ಹೇಗೆ ಎಂಬುದು ಅವತ್ತು ಬೆಳಗ್ಗೆ ರೈಲಿನಲ್ಲಿ ಹೊಳೆದದ್ದು. ಗಣಿಯ ಊರಿನ ಮಕ್ಕಳು. ನೆಲ ಸೊನ್ನೆ. ಗಣಿಗೆ ಇಳಿಸುವ ಕೇಜ್‌ನಲ್ಲಿ ಒಂದು ಲೆವೆಲ್, ಅಂದರೆ ಒಂದು ಅಂತಸ್ತು, ಇಳಿದರೆ ಮೈನಸ್ ಒಂದು, ಎರಡು ಲೆವೆಲ್ ಇಳಿದರೆ ಮೈನಸ್ ಎರಡು. ಇದಕ್ಕಿಂತ ಸುಲಭ ಇನ್ನೇನಿದೆ? ಹೊಸ ಹುಡುಗಿಗೆ ಕನ್ನಡವೂ ಹೆಚ್ಚು ಬೇಕಾಗುವುದಿಲ್ಲ, ನೋಡಿದರೆ ಸಾಕು.

ಹಾಗೆ ಎಳೆದದ್ದು ಆ ಗೆರೆ, ಹಲಗೆಯ ಮೇಲೋ ಗೋಡೆಯ ಮೇಲೋ. ಲೆವೆಲ್‌ಗಳನ್ನು ಗುರುತು ಮಾಡಿ ಕೇಳಿದೆ: "ಮೈನಸ್ ಐದು, ಮೈನಸ್ ಹತ್ತು. ಯಾವುದು ದೊಡ್ಡದು?"

"ಮೈನಸ್ ಅತ್ತೂ!" ಇಡೀ ತರಗತಿ ಒಂದೇ ದನಿ.

"ಅಲ್ಲ. ಮೈನಸ್ ಐದು."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತರಗತಿಯ ಲೀಡರ್ ಹುಡುಗ ಎದ್ದ. ಲೈನಿನವನು, ಗಟ್ಟಿ ಬಾಯಿಯವನು.

"ಅದೆಂಗ್ ಮಿಸ್? ಐದ್ರಲ್ಲಿ ಯಾರ್ ಬೇಕಾದ್ರೂ ಕೆಲ್ಸ ಮಾಡ್ತಾರೆ. ಕೆಳಗ್ ಓದಷ್ಟೂ ಸೆಕೆ, ಕಲ್ಲು ಸಿಡೀತದೆ. ನಮ್ ತಾತ ನೂರ್ನೇ ಲೆವೆಲ್ ಗೊತ್ತಾ?"

"ಬಿಡ್ಲಾ," ಎಂದ ಹಿಂದಿನ ಬೆಂಚಿನಿಂದ ಒಬ್ಬ. "ನಿಮ್ ತಾತ ಕ್ಯಾಂಟೀನಲ್ಲಿ ಟೀ ಕಾಸ್ತಿದ್ದಿದ್ದು."

"ನೂರ್ನೇ ಲೆವೆಲ್ಲಿಗೆ ಟೀ ತಗೊಂಡ್ ಓಯ್ತಿದ್ರು ಕಣ್ಲಾ!"

ನಗು ಇಳಿಯುವುದಕ್ಕೆ ಕಾಯ್ದೆ. ಆಮೇಲೆ, ನಿಯಮ ಹೇಳಿಯೇ ಬಿಡೋಣವೆಂದು ಹೇಳಿದೆ: "ಎಲ್ಲ ಮೈನಸ್‌ಗಿಂತ ಸೊನ್ನೆ ದೊಡ್ಡದು."

"ಸೊನ್ನೇಲಿ ಯಾರಿರ್ತಾರೆ ಮಿಸ್?"

"ಸೊನ್ನೆ ಅಂದರೆ ನೆಲ. ನೆಲದ ಮೇಲೆ... ಆಫೀಸಿನವರು."

"ಆಫೀಸ್ನೋರು ನಮ್ ತಾತಂಗಿಂತ ದೊಡ್ಡೋರಾ?"

ಅವನು ತುಂಟತನಕ್ಕೆ ಕೇಳಿದ್ದಲ್ಲ. ಗಣಿ ಮುಚ್ಚಿದ್ದು ಈ ಮಕ್ಕಳು ಹುಟ್ಟುವುದಕ್ಕೆ ಎಷ್ಟೋ ಮೊದಲು. ಒಬ್ಬರೂ ಒಂದು ಲೆವೆಲ್ ಇಳಿದು ನೋಡಿಲ್ಲ. ಆದರೆ ಆ ಮನೆಗಳಲ್ಲಿ ಮನುಷ್ಯನನ್ನು ಅಳೆಯುವುದು ಇವತ್ತಿಗೂ ಅವನು ಎಷ್ಟು ಕೆಳಗೆ ಇಳಿದಿದ್ದ ಎಂಬುದರಿಂದ. ಹತ್ತಕ್ಕಿಂತ ಐವತ್ತು, ಐವತ್ತಕ್ಕಿಂತ ನೂರು. ನಾನು ಆ ಏಣಿಯನ್ನೇ ತಂದು ಗೆರೆಯಾಗಿ ಎಳೆದು, ತಲೆಕೆಳಗು ಓದಿ ಎನ್ನುತ್ತಿದ್ದೆ. ಹಳ್ಳಿಯಿಂದ ಬರುವ ಹುಡುಗಿಯೊಬ್ಬಳು ಸುಮ್ಮನಿರಲಾರದೆ, "ನಮ್ ಬೋರೂ ಭಾರಿ ಆಳ ಮಿಸ್," ಎಂದು ತನ್ನದೂ ಒಂದು ಸೇರಿಸಿದಳು.

ಹೊಸ ಹುಡುಗಿ ಪಕ್ಕದವಳ ಪುಸ್ತಕ ನೋಡಿ, ಅವಳಿಗಿಂತ ದುಂಡಗಿನ ಅಕ್ಷರದಲ್ಲಿ, ಮೈನಸ್ ಹತ್ತು ದೊಡ್ಡದು ಎಂಬುದಕ್ಕೆ ಚಿಹ್ನೆ ಹಾಕಿದ್ದಳು. ಬೆಳಗ್ಗಿನಿಂದ ಎಲ್ಲ ಪಾಠದಲ್ಲೂ ಅವಳು ಮಾಡುತ್ತಿದ್ದದ್ದು ಅದನ್ನೇ. ತರಗತಿ ಸರಿಯಿದ್ದರೆ ಅವಳೂ ಸರಿ, ತರಗತಿ ತಪ್ಪಿದರೆ ಅವಳೂ ತಪ್ಪು. ಉಳಿದವರಿಗೆ ಆರನೆಯದಕ್ಕೆ ಇಳಿಯುವ ಭಯವಿರಲಿಲ್ಲ. ಅವಳಿಗೆ ಇತ್ತು.

ಮರುದಿನ ಗಣಿಯನ್ನು ಬಿಟ್ಟೆ. ಮಲಗಿದ ಗೆರೆಗೇ ವಾಪಸ್ಸಾಗಿ, "ಮೈನಸ್‌ನಲ್ಲಿ ಎಲ್ಲಾ ಉಲ್ಟಾ" ಎಂದು ಬಾಯಿಪಾಠ ಮಾಡಿಸಿದೆ. ಚೆನ್ನಾಗಿ ರಾಗ ಕಟ್ಟಿ ಹೇಳಿದರು, ಹೊಸ ಹುಡುಗಿಯೂ ಹೇಳಿದಳು. ಬುಧವಾರದ ಹೊತ್ತಿಗೆ ಆ ಉಲ್ಟಾ ಎಲ್ಲೆಡೆ ಹರಡಿತ್ತು. ಮೈನಸ್ ಮೂರಕ್ಕೆ ಐದು ಕೂಡಿ ಎಂದರೆ ಮೈನಸ್ ಎಂಟು ಎಂದರು. "ಉಲ್ಟಾ ಅಲ್ವಾ ಮಿಸ್, ಅದಕ್ಕೇ ಕೆಳಗಿಳಿದ್ವಿ." ಸಂಜೆ ರೈಲಿನಲ್ಲಿ ಸೀಟು ಸಿಕ್ಕರೂ ಕೂರುವ ಮನಸ್ಸಾಗಲಿಲ್ಲ. ಬಂಗಾರಪೇಟೆ ತನಕ ಬಾಗಿಲ ಹತ್ತಿರ ನಿಂತೇ ಬಂದೆ.

ಮುಂದಿನದನ್ನು ಹೇಳುವಾಗ ಎಚ್ಚರ ಬೇಕು. ಗುರುವಾರ ನಾನೇ ಮಕ್ಕಳನ್ನು ಮೆಟ್ಟಿಲಿಗೆ ಕರೆದುಕೊಂಡು ಹೋದೆ ಎಂದು ಮುಖ್ಯ ಶಿಕ್ಷಕರಿಗೆ ಹೇಳಿದ್ದೇನೆ. ಅದು ಪೂರ್ತಿ ನಿಜವಲ್ಲ. ನಮ್ಮ ಶಾಲೆ ಇಳಿಜಾರಿನಲ್ಲಿದೆ. ಜಗುಲಿಯಿಂದ ಮೈದಾನಕ್ಕೆ ಕಲ್ಲಿನ ಮೆಟ್ಟಿಲುಗಳಿವೆ. ನಾನು ಹೊರಗೆ ಬಂದಾಗ ಮಕ್ಕಳು ಆಗಲೇ ಅಲ್ಲಿ ಕೆರೆ-ದಡ ಆಡುತ್ತಿದ್ದರು. ಒಬ್ಬರು "ಕೆರೆ" ಎಂದರೆ ಕೆಳಗೆ ಹಾರಬೇಕು, "ದಡ" ಎಂದರೆ ಮೇಲೆ, ತಪ್ಪಿದವರು ಔಟು. ಅಕ್ಕ, ತಂಗಿ ಇಬ್ಬರೂ ಆಟದಲ್ಲಿದ್ದರು. ಈ ಆಟಕ್ಕೆ ಭಾಷೆ ಬೇಡ. ಅಕ್ಕ ಒಂದು ಸಲವೂ ಔಟಾಗುತ್ತಿರಲಿಲ್ಲ.

ಗಂಟೆ ಹೊಡೆದ ಮೇಲೆ ಆರನೆಯವರು ಒಳಗೆ ಹೋದರು. ಏಳನೆಯವರನ್ನು ಅಲ್ಲೇ ನಿಲ್ಲಿಸಿಕೊಂಡೆ. ಜಗುಲಿ ಸೊನ್ನೆ. ಮೆಟ್ಟಿಲು ಮೈನಸ್. ಕೆರೆ, ದಡದ ಬದಲು ಸಂಖ್ಯೆ ಕೂಗಿದೆ. "ಮೈನಸ್ ಎರಡು!" ಹಾರಿದರು. "ಮೈನಸ್ ನಾಲ್ಕು!" ತಳ್ಳಾಡಿಕೊಂಡು ಇಳಿದರು. "ಒಂದು ಕೂಡಿ!" ಒಂದು ಮೆಟ್ಟಿಲು ಹತ್ತಿದರು. ತಳ್ಳಾಟದಲ್ಲಿ ಒಂದು ಹಂತದಲ್ಲಿ ಲೀಡರ್ ಹುಡುಗ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ, ಹೊಸ ಹುಡುಗಿ ಎಲ್ಲಕ್ಕಿಂತ ಮೇಲಿನದರಲ್ಲಿ ನಿಂತಿದ್ದರು. ಅವನ ಮೂಗಿನ ನೇರಕ್ಕೆ ಅವಳ ಚಪ್ಪಲಿ.

"ಈಗ ಹೇಳು, ಯಾರು ದೊಡ್ಡವರು?" ಎಂದೆ.

"ನಾನೇ ಮಿಸ್." ಅವಳ ಚಪ್ಪಲಿ ನೋಡಿ, "ಮೇಲಿರೋಳು ಅವಳು," ಎಂದ.

"ಮೊಸಳೆ ಯಾರ ಕಡೆ ಬಾಯಿ ತೆರೀಬೇಕು?"

ಕಿರಿಯ ತರಗತಿಯಲ್ಲಿ ನಾವೆಲ್ಲ ಹೀಗೆ ಹೇಳಿಕೊಡುತ್ತೇವೆ. ದೊಡ್ಡದು-ಚಿಕ್ಕದರ ಚಿಹ್ನೆ ಒಂದು ಮೊಸಳೆ ಬಾಯಿ, ಅದು ಯಾವಾಗಲೂ ದೊಡ್ಡದನ್ನೇ ತಿನ್ನುತ್ತದೆ. ಹುಡುಗ ಮೇಲೆ ನೋಡಿದ, ಕೆಳಗೆ ನೋಡಿದ. ಅಷ್ಟರಲ್ಲಿ ಯಾರೋ ಹೇಳಿದರು:

"ಮೊಸಳೆ ಮೈನ್‌ಗೆ ಇಳಿಯಲ್ಲ ಮಿಸ್. ಮೇಲಿರೋರ್ನೇ ತಿನ್ನೋದು."

ಮೆಟ್ಟಿಲ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

"ಫಸ್ಟು ಆಫೀಸ್ನೋರ್ನ ತಿಂತದೆ!"

"ಸೊನ್ನೇಲಿರೋರು ಔಟ್!"

"ಆಮೇಲೆ ಮೈನಸ್ ಒಂದು, ಆಮೇಲೆ ಎರಡು..."

"ನಮ್ ತಾತನ ತಾವ ಬರೋ ಅಷ್ಟೊತ್ತಿಗೆ ಅದ್ರ ಒಟ್ಟೆ ತುಂಬೋಗಿರ್ತದೆ," ಎಂದು ಲೀಡರ್ ಹುಡುಗ ಘೋಷಿಸಿದ. ತಾತನ ಮರ್ಯಾದೆ ಉಳಿಯಿತು, ಗಣಿತವೂ ಉಳಿಯಿತು. ಮೈನಸ್ ಹತ್ತಕ್ಕಿಂತ ಮೈನಸ್ ಐದು ದೊಡ್ಡದು ಎಂದು ಆಮೇಲೆ ಒಬ್ಬರೂ ತಪ್ಪದೆ ಬರೆದರು, ದೊಡ್ಡದು ಎಂಬುದಕ್ಕೆ ಅಲ್ಲಿ ಬೇರೆ ಅರ್ಥವೇನೂ ಇಲ್ಲ, ತಿನ್ನಲು ಮೊದಲು ಸಿಗುವುದು ಎಂದಷ್ಟೇ ಎಂಬಂತೆ.

ಆ ಮಾತನ್ನು ಹೊಸ ಹುಡುಗಿಯೇ ಹೇಳಿದಳು ಎಂದರೆ ಎಷ್ಟು ಚೆನ್ನ. ಅವಳಿಗೆ ಆಗ ಅಷ್ಟು ಕನ್ನಡ ಬರುತ್ತಿರಲಿಲ್ಲ. ಬೋರಿನ ಹುಡುಗಿ ಹೇಳಿದಳೆಂದು ತರಗತಿಯವರು ಹೇಳುತ್ತಾರೆ, ಹಾಗೇ ಇರಲಿ.

ಶನಿವಾರ ಬೆಳಗಿನ ಶಾಲೆ. ಮುಖ್ಯ ಶಿಕ್ಷಕರು ಬಂದವರೇ ಹಲಗೆಯ ಕೆಳಗಿನ ಸಿಮೆಂಟು ಕಟ್ಟೆ ಹತ್ತಿ ನಿಂತರು. ಆ ಕಟ್ಟೆಯ ಮೇಲೆ ಮಕ್ಕಳು ಕಾಲಿಡುವಂತಿಲ್ಲ, ಲೆಕ್ಕ ಮಾಡಲು ಕರೆದರೂ ಕೆಳಗೆ ನಿಂತು ಕೈ ಚಾಚಿಯೇ ಬರೆಯಬೇಕು. ಇದು ಯಾರ ಕಾಲದ ನಿಯಮವೋ ಗೊತ್ತಿಲ್ಲ. ತಾಯಿ ಬಂದಿರಲಿಲ್ಲ. ಅವರಿಗೆ ಫೋನಿನಲ್ಲಿ ಹೇಳುವುದೆಂದು ಮಾತಾಗಿತ್ತು.

"ಬಾಮ್ಮಾ," ಎಂದು ಅವಳನ್ನು ಕರೆದು, ಹಲಗೆಯ ಮೇಲೆ ಅವರೇ ಬರೆದರು. ಮೈನಸ್ ಮೂರು, ಪ್ಲಸ್ ಐದು. "ಎಷ್ಟು?"

ಅವಳು ಹಲಗೆ ನೋಡಿದಳು. ನನ್ನನ್ನು ನೋಡಲಿಲ್ಲ. ಪಕ್ಕದವಳ ಪುಸ್ತಕ ಬೆಂಚಿನ ಮೇಲೆ ಮುಚ್ಚಿತ್ತು, ಅದನ್ನೂ ನೋಡಲಿಲ್ಲ. ಆಮೇಲೆ ತಿರುಗಿ ಬಾಗಿಲು ದಾಟಿ ಹೊರಟೇಹೋದಳು.

"ಎಲ್ಲಿಗಮ್ಮಾ? ಏ, ಹೆದ್ರಿಕೊಂಡ್ಲಾ?" ಎಂದರು ಮುಖ್ಯ ಶಿಕ್ಷಕರು.

"ಓಡೋದ್ಲು ಸಾರ್!" ಎಂದ ಯಾರೋ.

"ಓಡೋಗಿಲ್ಲ ಸಾರ್, ಇಳೀತಾವ್ಳೆ!" ಕಿಟಕಿಯ ಹತ್ತಿರದ ಬೆಂಚಿನವರು ಎದ್ದು ನಿಂತಿದ್ದರು. "ಮೈನಸ್ ಮೂರ್ರಲ್ಲಿ ನಿಂತವ್ಳೆ!"

ನಾನು ಬಾಗಿಲಿಗೆ ಹೋದೆ. ಮೂರನೆಯ ಮೆಟ್ಟಿಲಿನಲ್ಲಿ ಅವಳು ನಿಂತಿದ್ದಳು, ಎರಡೂ ಕಾಲು ಜೋಡಿಸಿ. ಅಲ್ಲಿಂದ ಹತ್ತತೊಡಗಿದಳು. ಒಂದು, ಎರಡು; ಮೂರಕ್ಕೆ ಜಗುಲಿ. ತರಗತಿ ಎಣಿಸುತ್ತಿತ್ತು, ಜೋರಾಗಿ. ಜಗುಲಿಯಲ್ಲಿ ಅವಳು ನಿಂತುಬಿಟ್ಟಳು. ಆಟದಲ್ಲಿ ನಾವು ಸೊನ್ನೆಯ ಮೇಲೆ ಹೋಗಿರಲಿಲ್ಲ. ಮೆಟ್ಟಿಲುಗಳು ಅಲ್ಲಿಗೆ ಮುಗಿಯುತ್ತವೆ. ಇನ್ನೂ ಎರಡು ಬಾಕಿ.

ಬಾಯಿ ತೆರೆಯಬಾರದೆಂದು ನಾನು ತುಟಿ ಕಚ್ಚಿಕೊಂಡಿದ್ದೆ.

ತರಗತಿಯ ನೆಲ ಜಗುಲಿಗಿಂತ ಒಂದು ಮೆಟ್ಟಿಲು ಮೇಲಿದೆ. ಅವಳು ಬಾಗಿಲಲ್ಲಿ ಕಾಲಿಟ್ಟಳು. "ನಾಕೂ!" ಎಂದರು ಎಲ್ಲರೂ. ಆಮೇಲೆ ಬೆಂಚುಗಳ ನಡುವೆ ನೇರವಾಗಿ ನಡೆದು ಬಂದು, ಕಟ್ಟೆಯ ಮುಂದೆ ನಿಂತು, ಮುಖ್ಯ ಶಿಕ್ಷಕರ ಮುಖ ನೋಡಿ, ಕಟ್ಟೆ ಹತ್ತಿದಳು. ಅವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. "ಐದೂ!" ಎಂಬ ಕೂಗಿಗೆ ಪಕ್ಕದ ತರಗತಿಯಲ್ಲಿ ಪಾಠ ನಿಂತಿರಬೇಕು.

"ಸರಿಯಮ್ಮಾ, ಹತ್ತಿದ್ದಾಯ್ತು," ಎಂದರು ಅವರು. ನಗು ತಡೆದುಕೊಂಡಿದ್ದು ಕಾಣುತ್ತಿತ್ತು. "ಉತ್ತರ ಎಷ್ಟು? ಬಾಯಲ್ಲಿ ಹೇಳು."

ಅವಳು ತರಗತಿಯ ಕಡೆ, ಬಾಗಿಲಿನ ಕಡೆ ನೋಡಿದಳು. "ರೆಂಡು," ಎಂದಳು.

"ನಮ್ಮಮ್ಮನೂ ರೆಂಡೇ ಅಂತಿದ್ಲು," ಎಂದರು ಮುಖ್ಯ ಶಿಕ್ಷಕರು. "ಕನ್ನಡದಾಗೆ?"

"ಎರಡು."

"ಏಳರಲ್ಲೇ ಕೂತ್ಕೊ, ಹೋಗು."

ಅವಳು ಕಟ್ಟೆಯಿಂದ ಇಳಿದು ತನ್ನ ಬೆಂಚಿಗೆ ಹೋದಳು. ಪಕ್ಕದವಳು ಸರಿದು ಜಾಗ ಕೊಟ್ಟಳು. ನಾನೂ ಕುರ್ಚಿಯಲ್ಲಿ ಕೂತೆ. ಮುಖ್ಯ ಶಿಕ್ಷಕರು ಅಲ್ಲಿಂದಲೇ ತಾಯಿಗೆ ಫೋನು ಮಾಡಿದರು. "ಏಳೇ ಕಣಮ್ಮಾ, ಏಳು," ಎಂದು ಎರಡು ಸಲ ಹೇಳಬೇಕಾಯಿತು, ಆ ಕಡೆ ಗದ್ದಲವಿತ್ತೇನೋ. ಮಧ್ಯಾಹ್ನದ ರೈಲಿನಲ್ಲಿ ಕಿಟಕಿಯ ಪಕ್ಕ ಸೀಟು ಹಿಡಿದು ಕೂತೆ, ಬಂಗಾರಪೇಟೆ ಬರುವುದರೊಳಗೆ ನಿದ್ದೆ ಹೋಗಿದ್ದೆ.

ಈಗ ಅವಳು ಏಳರಲ್ಲಿದ್ದಾಳೆ. ಕನ್ನಡದಲ್ಲಿ ಜಗಳವಾಡುವಷ್ಟು ಕಲಿತಿದ್ದಾಳೆ. ಪೂರ್ಣಾಂಕದ ಲೆಕ್ಕಗಳನ್ನು ಮೆಟ್ಟಿಲಿಲ್ಲದೆ ಮಾಡುತ್ತಾಳೆ. ಅದರಲ್ಲಿ ಅನುಮಾನವಿಲ್ಲ, ದಿನಾ ನೋಡುತ್ತಿದ್ದೇನೆ.

ಅನುಮಾನವಿರುವುದು ಆ ಒಂದು ಗಳಿಗೆಯ ಬಗ್ಗೆ. ಅವಳು ಕಟ್ಟೆಯ ಮೇಲಿಂದ ಬಾಗಿಲಿನ ಕಡೆ ನೋಡಿದಾಗ ಅಲ್ಲಿ, ಚೌಕಟ್ಟಿನ ಪಕ್ಕದಲ್ಲಿ, ಎರಡು ಬೆರಳು ಕಂಡ ಹಾಗೆ ನನಗೆ ನೆನಪು. ಚಿಕ್ಕ ಕೈ, ಬಳೆಯಿತ್ತು. ಆ ಹೊತ್ತಿಗೆ ಆರನೆಯ ತರಗತಿಯಲ್ಲಿದ್ದ ಶಿಕ್ಷಕಿಯನ್ನು ಕೇಳಿದರೆ, ತನ್ನ ತರಗತಿಯಿಂದ ಯಾರೂ ಎದ್ದುಹೋಗಿರಲಿಲ್ಲ ಎನ್ನುತ್ತಾರೆ. ತಂಗಿಯನ್ನು ಕೇಳಿದೆ. "ನಾನ್ಯಾಕ್ ಬರ್ಲಿ ಮಿಸ್, ನಂಗೇನ್ ಕೆಲ್ಸ?" ಎಂದು ಓಡಿಹೋದಳು. ಅಕ್ಕನನ್ನು ನಾನು ಕೇಳಿಲ್ಲ. ಕೇಳಲು ಹೋಗುವುದೂ ಇಲ್ಲ. ಹತ್ತಿದ್ದು ಅವಳೇ, ಅದನ್ನು ಎಲ್ಲರೂ ನೋಡಿದ್ದಾರೆ. ನಿಂತ ಜಾಗ ಎರಡು ಎಂದು ಅವಳಿಗೆ ತಾನಾಗಿಯೇ ತಿಳಿದಿತ್ತೋ, ಯಾರೋ ತೋರಿಸಿದರೋ, ನನಗೆ ಗೊತ್ತಿಲ್ಲ.